ಹೊಲಿಗೆಯೊಳಗೆ ಮುಚ್ಚಿಹೋದ ಓರೆ

ಬಂದಿರುವ ಹಿರಿಯರೇ, ನಮ್ಮ ಹೊಲಿಗೆ ಅಂಗಡಿಯ ಅಕ್ಕತಂಗಿಯರೇ, ಮುಂದಿನ ಸಾಲಿನಲ್ಲಿರುವ ನಮ್ಮ ಕಟಿಂಗ್ ಅಕ್ಕನ ಯಜಮಾನರೇ, ಅವರ ಅತ್ತೆಯವರೇ, ಮಗಳೇ — ಎಲ್ಲರಿಗೂ ನಮಸ್ಕಾರ. ತೀರಿಹೋದ ಅಕ್ಕನನ್ನು ನೆನೆಯಲು ಬಂದು ಹಿಂದೆ ನಿಂತವರು ಒಳಗೆ ಬನ್ನಿ. ಮಷೀನುಗಳನ್ನು ಗೋಡೆಗೆ ಸರಿಸಿದ್ದೇವೆ, ಜಾಗ ಇದೆ.

ನಾನು ಗುಂಡಿ ಹಚ್ಚುತ್ತ ಮೇಲೆ ಬಂದವನು. ಈಗ ಕೌಂಟರಿನಲ್ಲಿ ಅಳತೆ ತೆಗೆದುಕೊಳ್ಳುತ್ತೇನೆ, ಗಿರಾಕಿಗಳನ್ನು ಮಾತಿನಲ್ಲಿ ಹಿಡಿದಿಡುತ್ತೇನೆ. ಮಾತೇ ನನ್ನ ಅನ್ನ. ಇವತ್ತು ಅದು ಸಿಗುತ್ತಿಲ್ಲ. ಅಳುವೂ ಬಂದಿಲ್ಲ. ಹಲ್ಲು ಕೀಳುವ ಮುಂಚೆ ಮರಗಟ್ಟಿಸುವ ಸೂಜಿ ಚುಚ್ಚುತ್ತಾರಲ್ಲ — ದವಡೆ ಇದೆ, ಆದರೆ ನನ್ನದಲ್ಲ — ಹಾಗಿದೆ. ಅದಕ್ಕೇ ಲೆಕ್ಕ ಒಪ್ಪಿಸುವವನ ಹಾಗೆ, ನಡೆದದ್ದನ್ನು ನಡೆದಂತೆ ಹೇಳಿಬಿಡುತ್ತೇನೆ.

ಅಕ್ಕ ಬಟ್ಟೆ ಕತ್ತರಿಸುವುದನ್ನು ನೀವು ನೋಡಿದ್ದೀರಿ. ಸೀಮೆಸುಣ್ಣದ ಗೆರೆ ನಮ್ಮ ಸಮಾಧಾನಕ್ಕೆ. ಕತ್ತರಿಗೆ ದಾರಿ ಗೊತ್ತಿತ್ತು. ಒಮ್ಮೆ ದೊಡ್ಡ ಹೊಟ್ಟೆಯ ಗಿರಾಕಿಯೊಬ್ಬರು ಉಸಿರು ಬಿಗಿಹಿಡಿದು ಸೊಂಟದ ಅಳತೆ ಕೊಟ್ಟು ಹೋದರು. ನನ್ನನ್ನು ಟೇಪು ಅಂತಲೇ ಕರೆಯುತ್ತಿದ್ದ ಅಕ್ಕ ಒಳಗಿನಿಂದ ಇಣುಕಿದರು.

"ಲೇ ಟೇಪು, ಅವರು ಉಸಿರು ಬಿಟ್ಟಾಗಿನ ಅಳತೆ ಎಲ್ಲೋ?"

"ಕೇಳೋಕೆ ನಾಚಿಕೆ ಆಯ್ತಕ್ಕ."

"ನಿನ್ನ ನಾಚಿಕೆಗೆ ಅವರ ಗುಂಡಿ ಕಿತ್ತು ಹಾರುತ್ತೆ. ಬಿಡು, ನಾನೇ ಎರಡು ಬೆರಳು ಬಟ್ಟೆ ಹೆಚ್ಚಿಗೆ ಬಿಡ್ತೀನಿ."

ಅಂಥ ಕೈ ಗೆರೆ ಬಿಟ್ಟು ಹೋಗತೊಡಗಿತು.

ನಮ್ಮಲ್ಲೊಂದು ಪದ್ಧತಿ ಇದೆ, ಹೊರಗಿನವರಿಗೆ ಗೊತ್ತಿಲ್ಲ. ಕತ್ತರಿಸಿದವರ ತಪ್ಪನ್ನು ಹೊಲಿಯುವವರು ಬಾಯಿಬಿಟ್ಟು ಹೇಳುವುದಿಲ್ಲ. ಅಂಚಿನಲ್ಲಿ ಬಿಟ್ಟ ಹೆಚ್ಚಿನ ಬಟ್ಟೆಯನ್ನು ಎಳೆದು, ಸರಿಸಿ, ಹೊಲಿಗೆಯೊಳಗೆ ಮುಚ್ಚಿಬಿಡುತ್ತಾರೆ. ಅದು ಮರ್ಯಾದೆ. ತೋಳು ಹೊಲಿಯುವವಳು ಸ್ವಲ್ಪ ಮುಚ್ಚಿದಳು. ಕಾಲರಿನವಳು ಸ್ವಲ್ಪ. ಸೊಂಟಪಟ್ಟಿಯವಳು ಸ್ವಲ್ಪ. ಎಲ್ಲರೂ ಪ್ರೀತಿಯಿಂದಲೇ. ಒಬ್ಬಳು ಮುಚ್ಚಿದ್ದು ಇನ್ನೊಬ್ಬಳಿಗೆ ಗೊತ್ತಿಲ್ಲ. ಕೂಡಿಸಿ ನೋಡಿದವರಿಲ್ಲ. ಕೌಂಟರಿಗೆ ಬಂದ ಅಂಗಿ — ನೆಟ್ಟಗಿತ್ತು.

ಆದರೆ ನಡಿಗೆಯಲ್ಲಿ ಹೆಚ್ಚಿನ ಬಟ್ಟೆ ಬಿಟ್ಟಿರುವುದಿಲ್ಲವಲ್ಲ. ಅಕ್ಕ ಮೆಟ್ಟಿಲ ಮೇಲೆ ತೂರಾಡಿದರು. ನಾಲಿಗೆ ತೊದಲಿತು. ಬಾಗಿಲು ಎರಡೆರಡಾಗಿ ಕಾಣುತ್ತೆ ಅಂದರು. ಬೀದಿ ಏನು ತೀರ್ಮಾನ ಮಾಡಿತು, ನಿಮಗೆಲ್ಲ ಗೊತ್ತು. ಬಾಯಿಗೆ ಕೈ ಅಡ್ಡ ಇಟ್ಟು ಆಡಿದ ಮಾತನ್ನು ನಾನು ಮೈಕಿನಲ್ಲಿ ಆಡುತ್ತೇನೆ — ಕುಡಿಯುತ್ತಾಳೆ ಅಂದಿರಿ.

ಮನೆಯಲ್ಲಿ ಅತ್ತೆ ಬಾಗಿಲಲ್ಲೇ ಮೂಗು ಮುಂದೆ ಮಾಡಿ ನಿಲ್ಲುತ್ತಿದ್ದರಂತೆ. ಅತ್ತೆಯವರೇ, ಬೇಸರ ಮಾಡಿಕೊಳ್ಳಬೇಡಿ, ಅಕ್ಕ ನಗುತ್ತಲೇ ಹೇಳಿದ್ದು: "ಚೆನ್ನಾಗಿ ಮೂಸಿ ಅತ್ತೆ, ಏನಾದ್ರೂ ಸಿಕ್ಕಿದ್ರೆ ನನಗೂ ಒಂದ್ಲೋಟ ಕೊಡಿ ಅಂದೆ ಕಣೋ." ಮಗಳು ಮಾತು ಬಿಟ್ಟಾಗ ಮಾತ್ರ ನಗಲಿಲ್ಲ. "ಅವಳೂ ನಂಬಿಬಿಟ್ಲು ಕಣೋ" ಅಂದರು. ಅಷ್ಟೇ.

ಕಿವಿಯ ಡಾಕ್ಟರು ಕಿವಿ ಸರಿಯಿದೆ ಅಂದರು. ಕನ್ನಡಕ ಬದಲಾಯಿತು. ತಲೆಯ ಸ್ಕ್ಯಾನಿನಲ್ಲಿ ಏನೂ ಇಲ್ಲ. ಕೊನೆಗೆ ನರರೋಗದ ಡಾಕ್ಟರಮ್ಮ ಒಬ್ಬರು, "ನಿಮ್ಮ ಮೂಗು ಮುಟ್ಟಿ, ಈಗ ನನ್ನ ಬೆರಳು ಮುಟ್ಟಿ" ಅಂದರು. ಅಕ್ಕನ ಬೆರಳು — ಹೀಗೆ — ಗಾಳಿಯಲ್ಲಿ ಅಲೆಯಿತು. ಜೊತೆಗೆ ಹೋಗಿದ್ದ ನಾನು ಗೋಡೆ ನೋಡಿದೆ. ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ, ಆಮೇಲೆ ಎದೆಯ ಸ್ಕ್ಯಾನ್ ಬರೆದರು.

"ತೂರಾಡೋದಕ್ಕೂ ಎದೆಗೂ ಏನ್ ಸಂಬಂಧ ಡಾಕ್ಟ್ರೇ?" ಯಜಮಾನರು ಕೇಳಿದರು.

ಸಂಬಂಧ ಇತ್ತು. ಸ್ತನದೊಳಗೆ, ಕೈಗೆ ಸಿಗದಷ್ಟು ಸಣ್ಣ ಗಂಟು. ಕ್ಯಾನ್ಸರ್.

ಮೈಯ ಕಾವಲು, ಅಂದರೆ ರೋಗನಿರೋಧಕ ಶಕ್ತಿ, ಆ ಗಂಟನ್ನು ಎಲ್ಲರಿಗಿಂತ ಮೊದಲೇ ಗುರುತು ಹಿಡಿದಿತ್ತಂತೆ. ಹೊಡೆಯಲು ಹೊರಟಿತು. ಆದರೆ ಮೈಯ ಸಮತೋಲ ಕಾಯುವ ಚಿಕ್ಕಮೆದುಳಿನ ಕೋಶಗಳೂ ಅದರ ಕಣ್ಣಿಗೆ ಶತ್ರುವಿನಂತೆಯೇ ಕಂಡವು. ಅವನ್ನೂ ಹೊಡೆಯಿತು. "ಇದು ಅಪರೂಪ, ತಲೆ ಸುತ್ತಿದವರೆಲ್ಲ ಹೆದರಬೇಕಾಗಿಲ್ಲ. ಆದ್ರೆ ತೂರಾಟ ಬೇಗ ಬೇಗ ಹೆಚ್ತಾ ಇದ್ದು, ಕಾರಣ ಸಿಗದಿದ್ರೆ ಹುಡುಕೋದು ನಿಲ್ಲಿಸಬಾರದು" ಅಂದರು ಡಾಕ್ಟರಮ್ಮ.

ಗಂಟು ತೆಗೆದರು. ಅದು ಮತ್ತೆ ಬರಲಿಲ್ಲ. ಹೋದ ಕೋಶಗಳೂ ಬರಲಿಲ್ಲ. ಕಡೆಗೆ ನುಂಗುವುದೂ ತಪ್ಪಿ, ನೀರು ಶ್ವಾಸಕ್ಕೆ ಹೋಗಿ, ಜ್ವರ ಏರಿ — ಮುಗಿಯಿತು. ಮೊದಲೇ ಗೊತ್ತಾಗಿದ್ದರೆ ಅಂತ ಡಾಕ್ಟರಮ್ಮನನ್ನು ಕೇಳಿದೆ. "ಕೈ ಸ್ವಲ್ಪ ಉಳೀತಿತ್ತೇನೋ. ಹೇಳೋಕಾಗಲ್ಲ" ಅಂದರು. ಆ 'ಏನೋ' ಯಾರ ಖಾತೆಗೆ ಬರೆಯುವುದು, ನನಗೆ ತಿಳಿಯುತ್ತಿಲ್ಲ.

ಅಂಗಡಿಯ ಅಕ್ಕತಂಗಿಯರೇ, ನಾಳೆಯಿಂದ ಓರೆ ಕಂಡರೆ ಹೇಳಿ. ಮುಚ್ಚಬೇಡಿ. ಮರ್ಯಾದೆ ಹೋದರೆ ಹೋಗಲಿ.

ಮಗಳೇ, ನಿನ್ನಮ್ಮ ಕುಡಿದಿರಲಿಲ್ಲ. ನಿನಗದು ಗೊತ್ತಾಗಿದೆ — ಆಸ್ಪತ್ರೆಯಲ್ಲಿ ನೀನು ಚಮಚ ಹಿಡಿದು ಕೂತಿದ್ದನ್ನು, ಅಮ್ಮ ನಿನ್ನ ಕೆನ್ನೆ ಮುಟ್ಟಲು ಹೋಗಿ ಕಿವಿ ಮುಟ್ಟಿದ್ದನ್ನು ನಾನು ನೋಡಿದ್ದೇನೆ. ಇದನ್ನು ನಿನಗೆ ಹೇಳುತ್ತಿಲ್ಲ. ನಿನ್ನ ಎದುರಿಗೆ ಇವರಿಗೆ ಹೇಳುತ್ತಿದ್ದೇನೆ. ಬೀದಿಯವರೇ, ಬೀದಿಯಲ್ಲಿ ಆಡಿದ ಮಾತನ್ನು ಯಾರ ಹತ್ತಿರ ಆಡಿದಿರೋ ಅವರ ಹತ್ತಿರವೇ ಹೋಗಿ ವಾಪಸ್ ತೆಗೆದುಕೊಳ್ಳಿ.

ಈಗ ಅಕ್ಕನಿಗಾಗಿ ಎಲ್ಲರೂ ಮೌನವಾಗಿ ಎದ್ದು ನಿಲ್ಲೋಣ. ಮಾತು ಸಾಕು. ಯಾರೂ ಗಡಿಯಾರ ನೋಡಬೇಡಿ. ಮಗಳು ಕುಳಿತ ಮೇಲೆ ನಾವು ಕುಳಿತುಕೊಳ್ಳೋಣ.