ಎರಡು ಬೆರಳು ಭಾರ

ಗಾಡಿಯ ಸದ್ದು ನಿಂತರೆ ಅದಕ್ಕೆ ಹದಿನಾರು ನೂರು ರೂಪಾಯಿ. ನಿಲ್ಲದಿದ್ದರೆ ಬಿಡಿಗಾಸೂ ಇಲ್ಲ. ದೊಡ್ಡಬಳ್ಳಾಪುರದ ಸೀರೆ ವ್ಯಾಪಾರಿ ವೆಂಕಟರಮಣಪ್ಪ ಹೀಗೆ ಖಡಾಖಂಡಿತ ಹೇಳಿ, ಸೋಮವಾರದ ಗಡುವು ಕೊಟ್ಟು ಹೋಗಿದ್ದರು.

ಇದು ಎರಡನೇ ಮಹಾಯುದ್ಧ ಮುಗಿದ ಮರುವರ್ಷದ ಮಾತು. ಅನುಗೊಂಡನಹಳ್ಳಿಯ ಚಾಂದ್ ಪಾಷಾ ಮಿಲಿಟರಿ ಹರಾಜಿನಲ್ಲಿ ಒಂದು ಹಳೇ ಕಾರು ಹಿಡಿದಿದ್ದರು. ಹಿಂದಿನ ಸೀಟು ಕಿತ್ತು, ಮೈ ಕತ್ತರಿಸಿ, ಸೀರೆ ಗಂಟು ಹೇರುವುದಕ್ಕೆ ಹಲಗೆ ಹಾಸಿ, ಕೆಳಗೆ ಭಾರ ತಡೆಯುವ ಲಾರಿಯ ಕಮಾನು ಪಟ್ಟಿ ಕಟ್ಟಿಸಿದ್ದರು. ಗಾಡಿ ಗಟ್ಟಿಯಾಗೇ ಇತ್ತು. ಆದರೆ ಕತ್ತಲಾದ ಮೇಲೆ, ಹಿಂದೆ ಎಡಗಡೆಯ ಕಮಾನು... ಕಿರ್ರ್... ಟಕ್. ಹಗಲು ಓಡಿಸಿದರೆ ಸೊಲ್ಲೇ ಇಲ್ಲ.

ಹೊಸಕೋಟೆಯ ಮಿಸ್ತ್ರಿ ಮಸ್ತಾನ್ ಪಟ್ಟಿಗಳ ನಡುವೆ ಗ್ರೀಸು ತುಂಬಿದ. ಪಿನ್ನು ಬದಲಾಯಿಸಿದ. ಬೋಲ್ಟು ಬಿಗಿದ. ರಾತ್ರಿಯಾದರೆ ಮತ್ತೆ ಅದೇ. ಕೊನೆಗೆ ಭಾನುವಾರ ರಾತ್ರಿ, ಅದು ಹುಟ್ಟೋ ಜಾಗದಲ್ಲೇ ಹಿಡೀತೀನಿ ಅಂತ ಪಾಷಾ ಜೊತೆ ತಾನೂ ಹೊರಟ.

ಅವನದೊಂದು ಪದ್ಧತಿ. ಹೊರಡುವ ಮುಂಚೆ ಕಮಾನಿಗೂ ಹಲಗೆಗೂ ನಡುವಿನ ಸಂದನ್ನು ಕೈಯಲ್ಲೇ ಅಳೆಯುತ್ತಿದ್ದ. ಹಿಂದೆ ಖಾಲಿ ಇದ್ದರೆ ಸರಿಯಾಗಿ ಒಂದು ಗೇಣು. ಒಬ್ಬ ಹತ್ತಿ ಕೂತರೆ ಎರಡು ಬೆರಳು ಕಮ್ಮಿ.

ಜಡಿಗೇನಹಳ್ಳಿ ಬಿಟ್ಟು ಅನುಗೊಂಡನಹಳ್ಳಿ ಕಡೆ ತಿರುಗಿದಾಗ ಹನ್ನೊಂದು ಹೊಡೆದಿತ್ತು. ಇಬ್ಬರೂ ಮುಂದೆ. ಮಸ್ತಾನ್ ಕತ್ತು ಹೊರಗೆ ಚಾಚಿ ಕಿವಿಗೊಟ್ಟಿದ್ದ. ಆಲದ ಮರ ದಾಟಿತು. ಬಾವಿ ಬಂತು...

ಕಿರ್ರ್... ಟಕ್.

ಪಾಷಾ ಗಾಡಿ ನಿಲ್ಲಿಸಿದರು. ಮಸ್ತಾನ್ ಲಾಟೀನು ಹಿಡಿದು ಇಳಿದ. ಬರುವುದು ತಡವಾಯಿತು.

"ಸೇಠ್... ಎರಡು ಬೆರಳು ಕಮ್ಮಿ."

"ಹಲಗೆ ಮೇಲೇನಿದೆ?"

"ಏನಿಲ್ಲ."

"ಸರಿಯಾಗಿ ನೋಡಿದ್ಯಾ?"

"ಒಬ್ಬಾಳು ಭಾರ, ಸೇಠ್... ಆಳು ಮಾತ್ರ ಇಲ್ಲ."

ಪಾಷಾಗೆ ಆಗ ನೆನಪಾಯಿತು. ಗಾಡಿ ತಂದ ಮೊದಲ ರಾತ್ರಿ ಇದೇ ಬಾವಿ ಹತ್ತಿರ ಒಬ್ಬ ಹೆಂಗಸು ಕೈ ಅಡ್ಡ ಹಿಡಿದಿದ್ದಳು. ಪಾಪ ಅಂತ ಹತ್ತಿಸಿಕೊಂಡಿದ್ದರು. ಊರ ಮುಂದೆ ಇಳಿದವಳು "ಬರ್ತೀನಪ್ಪ" ಅಂದಳು. ನಮ್ಮ ಕಡೆ ಹೊರಟವರು ಯಾರೂ ಹೋಗ್ತೀನಿ ಅನ್ನುವುದಿಲ್ಲ. ಅದಕ್ಕೆ ಎಲ್ಲರೂ ಕೊಡುವ ಉತ್ತರವನ್ನೇ ಪಾಷಾ ಕೊಟ್ಟಿದ್ದರು... "ಹೋಗ್ ಬಾರಮ್ಮ." ತಿರುಗಿ ನೋಡಿದರೆ ರಸ್ತೆಯಲ್ಲಿ ಯಾರೂ ಇರಲಿಲ್ಲ.

ಬಾ ಅಂದಿದ್ದು ತಾವೇ. ಬರ್ತಾ ಇದ್ದಾಳೆ.

ಮಸ್ತಾನನಿಗೆ ಪಿಸುಮಾತಿನಲ್ಲಿ ಅಷ್ಟನ್ನೂ ಹೇಳಿ ಗಾಡಿ ಬಿಟ್ಟರು. ಊರ ಮುಂದೆ ನಿಲ್ಲಿಸಿದರು. ಹಿಂದೆ ಕಮಾನು ಮೇಲೆದ್ದಿತು. ಟಕ್... ಕಿರ್ರ್. ಈ ಸಲ ಸದ್ದು ತಿರುವುಮುರುವು. ಆಮೇಲೆ ಕಿವಿಯ ಹತ್ತಿರ, ಒದ್ದೆ ಬಟ್ಟೆಯೊಳಗಿಂದ ಬಂದಂಥ ದನಿ...

"ಬರ್ತೀನಪ್ಪ."

ಮಸ್ತಾನ್ ಹೆಗಲ ಮೇಲಿನ ಟವಲು ಕಚ್ಚಿಕೊಂಡ. ಪಾಷಾಗೆ ಬಾ ಅನ್ನುವ ಹಾಗಿಲ್ಲ. ಹೊರಟ ಹೆಣ್ಣಿಗೆ ಬರೀ ಹೋಗು ಅನ್ನುವುದಕ್ಕೆ ನಾಲಿಗೆ ಏಳಲಿಲ್ಲ, ಅವಳು ಮುನಿದರೆ? ಅಂಥ ಹೊತ್ತಿನಲ್ಲೂ ತಲೆಯಲ್ಲಿ ಇದ್ದದ್ದು ಸೋಮವಾರ.

"ಈ ಗಾಡಿಗೆ ಮಾತ್ರ ಬರ್ಬೇಡಮ್ಮ," ಅಂದರು.

ಅದೇ ಒದ್ದೆ ದನಿ, "ಹೂಂ."

ಸೋಮವಾರ ಕತ್ತಲಾದ ಮೇಲೆ ವೆಂಕಟರಮಣಪ್ಪನವರೇ ಕೂತು ಬಾವಿ ಮುಂದೆ ಎರಡು ಸಲ ಓಡಿಸಿ ನೋಡಿದರು. ಗಾಡಿ ನೀರಿನ ಹಾಗೆ ಹೋಯಿತು. ಏನು ಮಂತ್ರ ಹಾಕಿದೆಯಪ್ಪಾ ಅಂತ ಮಸ್ತಾನನನ್ನು ಕಿಚಾಯಿಸಿದರು. ಗ್ರೀಸು ಸ್ವಾಮಿ ಅಂದ ಅವನು, ನೆಲ ನೋಡಿಕೊಂಡು. ದುಡ್ಡು ಎಣಿಸಿ ಕೊಟ್ಟು, ಗಾಡಿ ತೆಗೆದುಕೊಂಡು ಹೋದರು.

ಅವತ್ತು ರಾತ್ರಿ ಪಾಷಾ ಪಡಸಾಲೆಯಲ್ಲಿ ಹಗ್ಗದ ಮಂಚದ ಮೇಲೆ ಮಲಗಿದ್ದರು. ಹೆಂಡತಿ ಬಶೀರುನ್ನೀಸಾ ಒಳಗೆ. ಬಾಗಿಲಿಗೆ ಅಗಳಿ ಹಾಕಿತ್ತು. ಇನ್ನೇನು ನಿದ್ದೆ ಹತ್ತಬೇಕು, ಕಾಲ ಹತ್ತಿರ...

ಕಿರ್ರ್... ಟಕ್.

ಅವರು ಕಣ್ಣು ಬಿಡಲಿಲ್ಲ. ಬೆಳಿಗ್ಗೆ ಎದ್ದವರೇ ಮಂಚದ ಕೆಳಗೆ ಕೈಯಿಟ್ಟು ಅಳೆದರು. ಆಮೇಲೆ ನಾಲ್ಕು ಸಲ ಹಗ್ಗ ಬಿಗಿಸಿದ್ದಾರೆ. ಇದು ಕಟ್ಟಿದ ಕತೆಯಲ್ಲ, ಆ ಮಂಚ ಇನ್ನೂ ಅಲ್ಲೇ ಇದೆ, ನಾನೇ ಬೆರಳಿಟ್ಟು ನೋಡಿದ್ದೇನೆ.

ಹರಾಜಿಗೆ ಒಂಬೈನೂರು, ಗಾಡಿಯ ಮೈಗೆ ಇನ್ನೂರೈವತ್ತು, ಮಸ್ತಾನನಿಗೆ ನೂರ ಹತ್ತು. ಎಲ್ಲ ಕಳೆದು ಪಾಷಾಗೆ ಗಿಟ್ಟಿದ್ದು ಮುನ್ನೂರ ನಲವತ್ತು ರೂಪಾಯಿ... ಮಂಚದ ಕಾಲ ಕಡೆ ಎರಡು ಬೆರಳು ತಗ್ಗು.