ಕೂತದ್ದಲ್ಲ, ಬಿದ್ದದ್ದು

ಮೆತ್ತನೆಯ ಕುರ್ಚಿಯಲ್ಲಿ ಕೂತಿರುವ ಅಧ್ಯಕ್ಷರೇ, ಅವರ ಪಕ್ಕದಲ್ಲಿ ಈಗಲೇ ಗಡಿಯಾರ ನೋಡಲು ಶುರುಮಾಡಿರುವ ಮ್ಯಾನೇಜರ್ ಅಮ್ಮನವರೇ, ನಮ್ಮ ಈ ವೃದ್ಧರ ಮನೆಯನ್ನು ಮೂಲೆಮೂಲೆಯೂ ತಪಾಸಣೆ ಮಾಡಿ ‘ಉತ್ತಮ’ ಎಂದು ಪ್ರಮಾಣಪತ್ರ ತಂದಿರುವ ತಪಾಸಣೆ ಮೇಡಂ ಅವರೇ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿರುವ ನೆಂಟರಿಷ್ಟರೇ, ಕಿವಿ ಕೇಳುವ ಸಭಿಕರೇ, ಕಿವಿ ಕೇಳದ ಸಭಿಕರೇ,

ಇಲ್ಲಿ ವಾಸವಾಗಿರುವವರ ಪರವಾಗಿ ಎರಡು ಮಾತು ಆಡಿ ಎಂದು ಮ್ಯಾನೇಜರ್ ಅಮ್ಮ ನನಗೆ ಹೇಳಿದ್ದಾರೆ. “ಎರಡೇ ಮಾತು ಅಜ್ಜಿ, ಮೂರನೇದು ಬೇಡ” ಎಂದೂ ಹೇಳಿದ್ದಾರೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಎಣಿಸುವುದರಲ್ಲಿ ಯಾವಾಗಲೂ ಹಿಂದೆ. ಹೆಚ್ಚುಕಮ್ಮಿಯಾದರೆ ಹೊಟ್ಟೆಗೆ ಹಾಕಿಕೊಳ್ಳಿ.

ಪ್ರಮಾಣಪತ್ರ ಚೆನ್ನಾಗಿದೆ. ಗಾಜು ಹಾಕಿಸಿದ್ದೀರಿ, ಅದೂ ಚೆನ್ನಾಗಿದೆ. ಆದರೆ ಅದು ಬರುವುದಕ್ಕೆ ಮೊದಲು ಇಲ್ಲಿ ಏನು ನಡೆಯಿತು ಎಂಬುದು ಈ ಸಭೆಯಲ್ಲಿ ಅರ್ಧ ಜನಕ್ಕೆ ಗೊತ್ತಿಲ್ಲ. ಗೊತ್ತಿರುವ ಅರ್ಧ ಜನಕ್ಕೆ ನೆನಪಿಲ್ಲ. ಹಾಗಾಗಿ ನಾನು ಹೇಳಬೇಕಾಗಿದೆ. ನಮ್ಮ ಮೇಲಿನ ಮಹಡಿಯಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದ ಆಯಾಳನ್ನು ‘ನಿರ್ಲಕ್ಷ್ಯ’ ಎಂಬ ಒಂದು ಪದ ಬರೆದು ಕೆಲಸದಿಂದ ತೆಗೆದಿದ್ದೀರಿ. ಆ ನಿರ್ಲಕ್ಷ್ಯ ಅವಳದ್ದಲ್ಲ, ನನ್ನದು. ಹೇಗೆ ಅಂತೀರಾ?

ಈ ಮನೆಯಲ್ಲಿ ಯಾರೂ ಬೀಳುವುದಿಲ್ಲ. ಆರು ವರ್ಷದಿಂದ ಇದ್ದೇನೆ, ಬಿದ್ದೆ ಎಂದವರನ್ನು ನಾನು ನೋಡಿಲ್ಲ. ‘ಕೂತೆ’ ಎಂದವರನ್ನು ನೋಡಿದ್ದೇನೆ. ಬಚ್ಚಲಲ್ಲಿ ಕೂತವರು, ಮೆಟ್ಟಿಲ ಮೇಲೆ ಕೂತವರು, ಮಂಚದಿಂದ ಇಳಿಯುವಾಗ ದಡಾರನೆ ಕೂತವರು. ಮೂಲೆ ಕೋಣೆಯ ಟೈಲರ್ ಅಜ್ಜ ಒಂದು ದಿನ ಮುಖ ಅಡಿಯಾಗಿ ಕೂತಿದ್ದರು. ಹಲ್ಲು ಒಂದು ಕಡೆ, ಕನ್ನಡಕ ಒಂದು ಕಡೆ. “ಏನಜ್ಜ?” ಅಂದರೆ, “ಏನಿಲ್ಲಮ್ಮ, ಹಂಗೇ ಸ್ವಲ್ಪ ಕೂತೆ” ಅಂದರು.

ಯಾಕೆ ಹೀಗೆ? ನಮಗೆ ಬುದ್ಧಿ ಇಲ್ಲವೇ? ಬೇಕಾದಷ್ಟಿದೆ. ಇಲ್ಲೊಂದು ನಿಯಮ ಇತ್ತು. ವರ್ಷದಲ್ಲಿ ಎರಡು ಸಲ ಬಿದ್ದವರನ್ನು ಕೆಳಗಿನ ಕೋಣೆಗೆ ಸಾಗಿಸುವುದು. ಕೆಳಗಿನ ಕೋಣೆಯಲ್ಲಿ ಮಂಚಕ್ಕೆ ಸುತ್ತ ಕಬ್ಬಿಣದ ಕಟಕಟೆ, ಕಿಟಕಿ ತೆಗೆದರೆ ಎದುರಿಗೆ ಗೋಡೆ. ಮೇಲೆ ಕಿಟಕಿ ತೆಗೆದರೆ ಬೀದಿ. ಸೈಕಲ್ ರಿಪೇರಿಯವನು ಗಿರಾಕಿಗಳ ಹತ್ತಿರ ಜಗಳ ಆಡುವುದನ್ನು ನೋಡುತ್ತಾ ಮಧ್ಯಾಹ್ನ ಕಳೆಯಬಹುದು. ನಿಯಮ ಬರೆದವರು ನಮ್ಮ ಒಳ್ಳೆಯದಕ್ಕೇ ಬರೆದರು, ನಾನು ಇಲ್ಲವೆನ್ನುವುದಿಲ್ಲ. ನಿಯಮ ಅವರ ಕೈಯಲ್ಲಿತ್ತು, ಪದ ನಮ್ಮ ಬಾಯಲ್ಲಿತ್ತು. ಅಷ್ಟೇ.

ಈ ವಿದ್ಯೆ ನಾನು ಇಲ್ಲಿಗೆ ಬಂದು ಕಲಿತದ್ದಲ್ಲ. ನಮ್ಮ ಯಜಮಾನರು ಗಾರೆ ಕೆಲಸದವರು. ನೆಲ ಹಾಕುವುದರಲ್ಲಿ ಎತ್ತಿದ ಕೈ. ನೆಲ ಹಾಕಿ ಮುಗಿಸಿದ ಮೇಲೆ ಒಂದು ಲೋಟ ನೀರು ಸುರಿಯುತ್ತಿದ್ದರು. “ನೀರು ಸುಳ್ಳು ಹೇಳಲ್ಲ ಕಣೇ, ಅದು ಎಲ್ಲಿಗೆ ಹೋಗುತ್ತೋ ಅಲ್ಲಿ ತಗ್ಗು” ಅನ್ನುವರು. ಅಷ್ಟು ಸತ್ಯವಂತರು ಒಂದು ಸಂಜೆ ಕುಂಟುತ್ತಾ ಮನೆಗೆ ಬಂದರು. ಗೋಡೆ ಕಟ್ಟಲು ನಿಲ್ಲಿಸಿದ್ದ ಸಾರುವೆಯ ಎರಡನೇ ಅಟ್ಟದಿಂದ ಬಿದ್ದಿದ್ದರು. “ಏನಾಯ್ತು?” ಅಂದೆ. “ಏನಿಲ್ಲ, ಸ್ವಲ್ಪ ಬೇಗ ಇಳಿದೆ” ಅಂದರು. ನಾನು ನಕ್ಕೆ. ಅವರೂ ನಕ್ಕರು. ಬಿದ್ದೆ ಎಂದರೆ ಮೇಸ್ತ್ರಿ ಇನ್ನೊಂದು ಸಲ ಎತ್ತರಕ್ಕೆ ಹತ್ತಿಸುವುದಿಲ್ಲ, ಕೆಲಸ ಹೋಗುತ್ತದೆ ಎಂಬ ಹೆದರಿಕೆ. ಎಂಟನೇ ದಿನ ತೀರಿಕೊಂಡರು. ಅಲ್ಲಿಯತನಕ ಡಾಕ್ಟರ ಮುಂದೆಯೂ ಬಿದ್ದೆ ಅನ್ನಲಿಲ್ಲ. ನಾನೂ ಅನ್ನಲಿಲ್ಲ. ನನಗೆ ಗೊತ್ತಿತ್ತು, ಬೆನ್ನು ಉಜ್ಜಿದವಳು ನಾನೇ ಅಲ್ಲವೇ.

ಇರಲಿ. ಅದು ಈ ಸಭೆಯ ವಿಷಯ ಅಲ್ಲ.

ನನ್ನ ಕೋಣೆಯಲ್ಲಿ ನನ್ನ ಜೊತೆ ಇದ್ದವಳು ಟಿಕೀಟಮ್ಮ. ಸಿನಿಮಾ ಟಾಕೀಸಿನ ಕಿಂಡಿಯಲ್ಲಿ ಮೂವತ್ತು ವರ್ಷ ಟಿಕೆಟ್ ಕೊಟ್ಟವಳು. ಅದೋ, ಎರಡನೇ ಸಾಲಿನಲ್ಲಿ, ಗಾಲಿಕುರ್ಚಿಯಲ್ಲಿದ್ದಾಳೆ. ಯಾರಾದರೂ ನಮ್ಮ ಮಂಚದ ಮೇಲೆ ಕೂರಲು ಬಂದರೆ “ಹೌಸ್‌ಫುಲ್ಲು, ನಾಳೆ ಬನ್ನಿ” ಅನ್ನುತ್ತಿದ್ದಳು. ಕಳೆದ ಮಳೆಗಾಲಕ್ಕೆ ಮುಂಚೆ, ಒಂದು ಬೆಳಿಗ್ಗೆ, ಬಚ್ಚಲ ಬಾಗಿಲಲ್ಲಿ ಇವಳು ಬಿದ್ದಳು. ಸದ್ದು ಕೇಳಿ ಮೊದಲು ಓಡಿದವಳು ನಾನು. ಓಡಿದೆ ಎಂದರೆ, ನನ್ನ ಓಟ ನಿಮಗೆ ಗೊತ್ತಲ್ಲ. ಅವಳ ಮುಖ ಸುಣ್ಣದ ಹಾಗೆ ಬಿಳಿಚಿತ್ತು. “ಬಾಯಿ ಬಿಟ್ಟೀಯ ಜೋಕೆ. ಇದು ಎರಡನೇದು” ಅಂದಳು. ಅಷ್ಟರಲ್ಲಿ ಆಯಾ ಬಂದಳು.

ಆಯಾ ಏನು ಕೇಳಿದಳು? ಸರಿಯಾಗಿಯೇ ಕೇಳಿದಳು. “ಬಿದ್ರಾ?” ಅಂದಳು.

“ಇಲ್ಲಮ್ಮ, ಕೂತಳು” ಅಂದೆ. ನಾನು ಅಂದೆ. ಟಿಕೀಟಮ್ಮ ಅಲ್ಲ.

ಅವಳಿಗೆ ನಂಬಿಕೆ ಬರಲಿಲ್ಲ. “ಅಜ್ಜೀ, ನನ್ನ ಮುಖ ನೋಡಿ ಹೇಳಿ. ಬಿದ್ದಿದ್ರೆ ಬರೀಬೇಕು, ಡಾಕ್ಟರನ್ನ ಕರೀಬೇಕು” ಅಂದಳು. ನಾನು ಅವಳ ಮುಖ ನೋಡಿ ಹೇಳಿದೆ. “ನಿನಗೇನು ಕನ್ನಡ ಬರಲ್ವೇನೇ? ಕೂತಳು ಅಂದ್ರೆ ಕೂತಳು” ಎಂದು ಗದರಿಸಿದೆ. ನಾಲಿಗೆ ನನ್ನದು ಚೂಪು ಎಂದು ಎಲ್ಲರಿಗೂ ಗೊತ್ತು. ಪಾಪ, ಅವಳು ಟಿಕೀಟಮ್ಮನನ್ನು ಎತ್ತಿ ಮಲಗಿಸಿ, ಬಿಸಿನೀರಿನ ಚೀಲ ತಂದು ಇಟ್ಟು ಹೋದಳು. ಬಿದ್ದವರನ್ನು ಬರೆದಿಡುವ ಪುಸ್ತಕದಲ್ಲಿ ಅವತ್ತಿನ ಪುಟ ಖಾಲಿ ಉಳಿಯಿತು.

ಯಾಕೆ ಹಾಗೆ ಹೇಳಿದೆ? ಗೆಳತಿಯ ಮಾತು ಉಳಿಸಲು ಎಂದು ಹೇಳಿಕೊಂಡು ತಿರುಗಿದ್ದೇನೆ. ಅರ್ಧ ನಿಜ. ಟಿಕೀಟಮ್ಮ ಕೆಳಗೆ ಹೋದರೆ ಆ ಕೋಣೆಯಲ್ಲಿ ನಾನೊಬ್ಬಳೇ. ಅವಳ ಗೊರಕೆಗೆ ಆರು ವರ್ಷ ಬೈದಿದ್ದೇನೆ. ಅದಿಲ್ಲದೆ ನನಗೆ ನಿದ್ದೆ ಹತ್ತುವುದಿಲ್ಲ. ಅಲ್ಲದೆ ಆ ವರ್ಷ ನಾನೂ ಎರಡು ಸಲ ‘ಕೂತಿದ್ದೆ’. ಒಬ್ಬರ ವಿಷಯ ಬಿಚ್ಚಿದರೆ ಇನ್ನೊಬ್ಬರದೂ ಬಿಚ್ಚುತ್ತದೆ.

ಎರಡು ದಿನದ ಮೇಲೆ ಸೊಂಟದ ಮೂಳೆ ಮುರಿದಿದೆ ಎಂದು ತಿಳಿಯಿತು. ಅವಳ ಅಣ್ಣನ ಮಗಳು ಬಂದು ಕೂಗಾಡಿದಳು, ದೂರು ಬರೆದಳು. ಅವಳದ್ದು ತಪ್ಪಲ್ಲ. ಪುಸ್ತಕ ತೆಗೆದು ನೋಡಿದರು, ಪುಟ ಖಾಲಿ. ಅವತ್ತು ಕೆಲಸದಲ್ಲಿದ್ದವರು ಯಾರು? ಆಯಾ. ಮುಗಿಯಿತು. “ಕೂತಳು ಅಂತ ಅಜ್ಜಿನೇ ಅಂದ್ರು” ಎಂದು ಅವಳು ಹೇಳಿದಳಂತೆ. ಯಾರಾದರೂ ನಂಬುತ್ತಾರೆಯೇ, ಕೂತರೆ ಮೂಳೆ ಮುರಿಯುತ್ತದೆಯೇ? ಆ ಹೊತ್ತಿಗೆ ನಾನು ಎಲ್ಲಿದ್ದೆ? ಮಹಡಿಯ ಮೇಲೆ, ಕಿಟಕಿಯ ಹತ್ತಿರ. ಅವಳು ಚೀಲ ಹಿಡಿದು ಬೀದಿ ದಾಟುವುದನ್ನು ನೋಡುತ್ತಾ ಇದ್ದೆ.

ಆಮೇಲೆ ಮೇಡಂ ತಪಾಸಣೆಗೆ ಬಂದರು. ಕೈಯಲ್ಲಿ ಅರವತ್ತು ಪ್ರಶ್ನೆಯ ಪಟ್ಟಿ. ಬಾಗಿಲಿನ ಅಗಲ ಅಳೆದರು, ಔಷಧಿಯ ಬೀಗ ನೋಡಿದರು, ಬೆಂಕಿ ಆರಿಸುವ ಕೆಂಪು ಡಬ್ಬಿಯ ತಾರೀಕು ನೋಡಿದರು. ಮೇಲಿನ ಮಹಡಿಯ ಹದಿನೆಂಟು ಜನರನ್ನೂ ಕೇಳಿದರು: “ಆರು ತಿಂಗಳಲ್ಲಿ ಬಿದ್ದಿದ್ದೀರಾ?” ಹದಿನೆಂಟು ಜನವೂ “ಇಲ್ಲ” ಅಂದೆವು. ಗಾಲಿಕುರ್ಚಿಯಲ್ಲಿ ಕೂತು ಟಿಕೀಟಮ್ಮನೂ “ಇಲ್ಲ” ಅಂದಳು! ಮೇಡಂ ಬಲು ಸಂತೋಷದಿಂದ ಟಿಕ್ ಹಾಕಿಕೊಂಡು, ಬಚ್ಚಲು ನೋಡಲು ಹೋದರು.

ಮೇಡಂ, ಕ್ಷಮಿಸಿ, ಇದನ್ನು ಹೇಳಲೇಬೇಕು. ಮೇಡಂ ಬಚ್ಚಲ ಬಾಗಿಲಲ್ಲಿ ಜಾರಿದರು. ಪಟ್ಟಿ ಒಂದು ಕಡೆ, ಪೆನ್ನು ಒಂದು ಕಡೆ. ನಾವೆಲ್ಲ “ಅಯ್ಯೋ” ಎಂದು ನುಗ್ಗಿದೆವು. ಆಗ ಅವರು ಏನೆಂದರು? ಬಟ್ಟೆ ಕೊಡವಿಕೊಳ್ಳುತ್ತಾ, “ಏನಿಲ್ಲ ಏನಿಲ್ಲ, ಕೂತೆ ಅಷ್ಟೇ” ಅಂದರು!

ನಾವು ನಗಲಿಲ್ಲ. ಅವರು ಕೂತಲ್ಲೇ ಪಟ್ಟಿ ಎತ್ತಿಕೊಂಡು, ತಾವು ಹಾಕಿದ ಟಿಕ್ಕುಗಳನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, “ಅಜ್ಜೀ, ಇಲ್ಲಿ ಹೀಗೆ ಎಷ್ಟು ಜನ ಕೂತಿದ್ದಾರೆ?” ಎಂದರು. “ಓ, ಅದಾ!” ಎಂದು ಎಲ್ಲರೂ ಬಾಯಿಬಿಟ್ಟರು. ಹದಿನೆಂಟರಲ್ಲಿ ಹನ್ನೊಂದು ಜನ. ಟೈಲರ್ ಅಜ್ಜ ಒಬ್ಬರೇ ಏಳು ಸಲ, ಅದನ್ನು ಬಹುಮಾನ ಗೆದ್ದವರ ಹಾಗೆ ಹೇಳಿದರು. ನಾನು ಒಂದು ಲೋಟ ನೀರು ತಂದು ಸುರಿದೆ. ನೀರು ಮೋರಿಯ ಕಡೆ ಹೋಗಬೇಕಲ್ಲ? ಬಾಗಿಲ ಕಡೆ ಬಂತು. ಮೇಡಂ ಕಾಲಿನ ತನಕ ಬಂತು.

ನೆಲ ಕಿತ್ತು ಹೊಸದಾಗಿ ಹಾಕಿಸಿದಿರಿ, ಹಿಡಿಕೆ ಬಂತು, ಎರಡು ಸಲದ ನಿಯಮ ಹೋಯಿತು. ಪುಸ್ತಕದಲ್ಲಿ ಈಗ ‘ಬಿದ್ದರು’, ‘ಜಾರಿದರು’, ‘ಕೂತರು’ ಎಂದು ಮೂರು ಮನೆ ಮಾಡಿದ್ದೀರಿ. ಇದೆಲ್ಲ ಮಾಡಿದ್ದಕ್ಕೆ ಕೈ ಮುಗಿಯುತ್ತೇನೆ. ಆದರೆ ಆಯಾ ಬರಲಿಲ್ಲ. ಅವಳೀಗ ಹೊಸ ಕೆಲಸ ಕೇಳಲು ಹೋದಲ್ಲೆಲ್ಲ ಆ ‘ನಿರ್ಲಕ್ಷ್ಯ’ ಅವಳಿಗಿಂತ ಮುಂಚೆ ಹೋಗಿ ಬಾಗಿಲಲ್ಲಿ ನಿಂತಿರುತ್ತದೆ. ಅವಳ ತಂಗಿ ಬಂದು ನನಗೆ ಹೇಳಿಹೋದಳು. ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

ನಾನು ಮ್ಯಾನೇಜರ್ ಅಮ್ಮನಿಗೆ ಹೇಳಿದೆ. “ಬರೆದು ಕೊಡಿ ಅಜ್ಜಿ, ನೋಡೋಣ” ಅಂದರು. ಇರುವೆ ಸಾಲಿನಂಥ ನನ್ನ ಅಕ್ಷರದಲ್ಲಿ ಬರೆದುಕೊಟ್ಟೆ. ಟಿಕೀಟಮ್ಮನೂ ಸಹಿ ಹಾಕಿದಳು. ಮೂರು ತಿಂಗಳಾಯಿತು, ಅದು ಕಡತದಲ್ಲಿ ಕೂತಿದೆ. ಅದೂ ನಮ್ಮ ಮನೆಯದೇ ಅಲ್ಲವೇ, ಬಿದ್ದಿದೆ ಅನ್ನಬಾರದು.

ಅಧ್ಯಕ್ಷರೇ, ಬರೆದದ್ದನ್ನು ಓದಲು ನಿಮಗೆ ಪುರುಸೊತ್ತಿಲ್ಲ, ಅದಕ್ಕೇ ಇವತ್ತು ಬಾಯಲ್ಲಿ ಹೇಳಿದೆ. ಬಿದ್ದವಳು ಟಿಕೀಟಮ್ಮ. ಸುಳ್ಳು ಹೇಳಿದವಳು ನಾನು. ಕೇಳಬೇಕಾದ್ದನ್ನು ಎರಡು ಸಲ ಕೇಳಿದವಳು ಆಯಾ. ಆ ಪದವನ್ನು ಅವಳ ಹೆಸರಿನ ಮುಂದಿನಿಂದ ಹೊಡೆದುಹಾಕಿ, ಅವಳನ್ನು ವಾಪಸ್ಸು ಕರೆಯಿರಿ. ಯಾರದಾದರೂ ಹೆಸರಿನ ಮುಂದೆ ಬರೆಯಲೇಬೇಕಾದರೆ ನನ್ನದು ಖಾಲಿ ಇದೆ.

ಮ್ಯಾನೇಜರ್ ಅಮ್ಮ ಕುರ್ಚಿ ತೋರಿಸುತ್ತಿದ್ದಾರೆ. ಬೇಡಮ್ಮ. ಅಧ್ಯಕ್ಷರು ಹೂಂ ಅನ್ನುವ ತನಕ ನಾನು ಕೂರುವುದಿಲ್ಲ. ಇಲ್ಲೇ ನಿಂತಿರುತ್ತೇನೆ. ಕಾಲಿನಲ್ಲಿ ಶಕ್ತಿ ಅಷ್ಟಕ್ಕಷ್ಟೇ. ನಿಂತಲ್ಲೇ ಏನಾದರೂ ಆದರೆ, ದಯವಿಟ್ಟು ಪುಸ್ತಕದ ಮೊದಲನೇ ಮನೆಯಲ್ಲೇ ಬರೆದುಕೊಳ್ಳಿ.

ಇಷ್ಟು ಹೊತ್ತು ಕೇಳಿದ್ದಕ್ಕೆ ನಿಮಗೆಲ್ಲ ವಂದನೆಗಳು. ನಮಸ್ಕಾರ.