ಮಂಚದ ಪಕ್ಕದ ಕುರ್ಚಿ

ಸಭೆಯ ಅಧ್ಯಕ್ಷರೂ, ನನ್ನ ಜೊತೆ ವರ್ಷವಿಡೀ ಜಗಳವಾಡಿದವರೂ ಆದ ತುರ್ತು ಚಿಕಿತ್ಸಾ ವಿಭಾಗದ ಮುಖ್ಯ ವೈದ್ಯರೇ, ಅತಿಥಿಗಳೇ, ದಾದಿಯರೇ, ಧೂಳು ಕುಡಿದು ಗೋಡೆ ಎಬ್ಬಿಸಿದ ಕೆಲಸಗಾರರೇ, ಸಭಿಕರೇ,

ಹೊಸ ವಿಭಾಗದ ನಕ್ಷೆ ಬರೆದವಳು ನಾನು. ನಕ್ಷೆ ಬರೆಯುವವರ ಕೈಗೆ ಮೈಕು ಕೊಡಬಾರದು. ಮಾತಿಗೆ ರಬ್ಬರ್ ಇರುವುದಿಲ್ಲ!

ಹಳೆಯ ವಿಭಾಗ ಹೇಗಿತ್ತು, ನೆನಪಿದೆಯೇ? ಕಾಲು ಉಳುಕಿದವರೂ ಎದೆ ಹಿಡಿದುಕೊಂಡವರೂ ಒಂದೇ ಸಾಲಿನಲ್ಲಿ. ಆಂಬ್ಯುಲೆನ್ಸ್ ನಿಲ್ಲಬೇಕಾದಲ್ಲಿ ಬೈಕುಗಳು. ಒಳಗೆ ಹೋದರೆ, ಸ್ಟ್ರೆಚರ್ ತಿರುಗಲಾರದಂಥ ತಿರುವು. ಹೇಳಿ ಹೇಳಿ ಸಾಕಾಗಿ, ಒಂದು ದಿನ ಅಧ್ಯಕ್ಷರನ್ನೇ ಸ್ಟ್ರೆಚರ್ ಮೇಲೆ ಮಲಗಿಸಿ ತಳ್ಳಿಸಿದೆ. ತಿರುವಿನಲ್ಲಿ ಗೋಡೆಗೆ ಬಡಿದಾಗ, "ಅಯ್ಯೋ, ನಿಧಾನ ಕಣ್ರೀ! ಇದರ ಮೇಲೆ ಮನುಷ್ಯ ಇದಾನೆ!" ಎಂದು ಕೂಗಿದರು. ಆ ಗೋಡೆ ಒಡೆಯಲು ಮರುದಿನವೇ ಒಪ್ಪಿಗೆ ಸಿಕ್ಕಿತು.

ಒಪ್ಪಿಗೆ ಸಿಗದಿದ್ದದ್ದು ಕುರ್ಚಿಗೆ. ಪ್ರತಿ ಮಂಚದ ಪಕ್ಕ, ಮನೆಯವರೊಬ್ಬರಿಗೆ ಒಂದು ಕುರ್ಚಿ. ನಾನು ಕೇಳಿದ್ದು ಅಷ್ಟೇ.

"ಮನೆಯವರು ಒಳಗೆ ಬಂದ್ರೆ ಅಳ್ತಾರೆ, ಅಡ್ಡ ನಿಲ್ತಾರೆ ಮೇಡಂ."

"ಹೊರಗೆ ನಿಂತ್ರೂ ಅಳ್ತಾರೆ ಡಾಕ್ಟ್ರೇ."

"ನಿಮಗ್ಯಾಕೆ ಇಷ್ಟೊಂದು ಹಟ?"

ಯಾಕೆ ಹಟ? ಇದನ್ನು ಹೇಳಬೇಕೆಂದು ನಾನಿಲ್ಲಿಗೆ ಬಂದಿರಲಿಲ್ಲ. ನಮ್ಮಪ್ಪ ದರ್ಜಿ. ಎದೆನೋವೆಂದು ಕರೆತಂದಾಗ ಅವರನ್ನು ಹಳೆಯ ವಿಭಾಗದ ಕದದ ಆಚೆ ಒಯ್ದರು, ನಾನು ಈಚೆ ಉಳಿದೆ. ಒಳಗಿನಿಂದ ಒಮ್ಮೆ "ಪುಟ್ಟೀ" ಎಂದ ಹಾಗಾಯಿತು. ಕದ ತಟ್ಟಿದೆ. ಅದು ತೆರೆಯುವಷ್ಟರಲ್ಲಿ ಅಪ್ಪ ಇರಲಿಲ್ಲ. ವೈದ್ಯರು ಕೈಲಾದದ್ದೆಲ್ಲ ಮಾಡಿದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿದ್ದದ್ದು ಆ ಕದದ ಮೇಲೆ. ಅದನ್ನು ಕೀಳುವಾಗ ಮೊದಲ ಸುತ್ತಿಗೆ ಏಟು ನನ್ನದೇ. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಶಾಸ್ತ್ರಕ್ಕೆ ಹೊಡೆದೆ ಎಂದುಕೊಂಡಿರೇನೋ!

ಅಂದು ಇದನ್ನೇ ನನ್ನ ಬಾಯಿಂದ ಕೇಳಿದ ಅಧ್ಯಕ್ಷರು ಕನ್ನಡಕ ಒರೆಸಿಕೊಂಡು, "ಹಾಕಿಸಿ ಮೇಡಂ" ಎಂದರು. ಕುರ್ಚಿ ಬಂತು.

ಕಳೆದ ತಿಂಗಳು, ಈ ಸಮಾರಂಭಕ್ಕೆ ಮೊದಲೇ ಹೊಸ ವಿಭಾಗ ಕೆಲಸ ಶುರು ಮಾಡಿದಾಗ, ಅವರ ಶ್ರೀಮತಿಯವರಿಗೇ ಉಸಿರು ಕಟ್ಟಿತು. ಹೊಸ ಬಾಗಿಲಲ್ಲೇ ದಾದಿ ಪರೀಕ್ಷಿಸಿ, ತುರ್ತು ಎಂದರು. ಸಾಲಿಲ್ಲ, ತಿರುವಿಲ್ಲ, ನೇರ ಮಂಚಕ್ಕೆ. ಅಧ್ಯಕ್ಷರು ಸ್ಟೆತಾಸ್ಕೋಪ್ ಹಿಡಿದು ಮುನ್ನುಗ್ಗಿದರು. ಅವರದೇ ಶಿಷ್ಯೆ, ಕಿರಿಯ ವೈದ್ಯೆ, ತಡೆದರು: "ಸರ್, ಈಗ ನೀವು ಡಾಕ್ಟ್ರಲ್ಲ, ಯಜಮಾನ್ರು. ಅಲ್ಲಿ ಕೂತ್ಕೊಳ್ಳಿ."

ಕೂತರು. ಹೆಂಡತಿಯ ಕೈ ಹಿಡಿದರು. ಅತ್ತರು ಕೂಡ. ಅಡ್ಡ ಮಾತ್ರ ಬರಲಿಲ್ಲ!

ಚೇತರಿಸಿಕೊಂಡ ಶ್ರೀಮತಿಯವರು ನನಗೆ ಫೋನು ಮಾಡಿ ಹೇಳಿದ್ದು ಇಷ್ಟು: "ಇಷ್ಟು ವರ್ಷದ ಸಂಸಾರ ಕಣಮ್ಮಾ. ಈ ಮನುಷ್ಯ ನನ್ನ ಪಕ್ಕ ಸುಮ್ಮನೆ ಕೂತಿದ್ದು ಇದೇ ಮೊದಲು!"

ಇಗೋ, ಮುಂದಿನ ಸಾಲಿನಲ್ಲಿ ಬಾಯಿಗೆ ಸೆರಗು ಒತ್ತಿ ನಗುತ್ತಿರುವವರು ಅವರೇ. ಈ ಕಟ್ಟಡಕ್ಕೆ ಬೇರೆ ಫಲಕ ಬೇಕೇ?

ಇಟ್ಟಿಗೆ ಹೊತ್ತವರಿಗೆ, ತಂತಿ ಎಳೆದವರಿಗೆ, ನನ್ನ ಹಟ ಸಹಿಸಿದವರಿಗೆ ಕೃತಜ್ಞಳು. ಗೆದ್ದೆವು ಕಣ್ರೀ, ಗೆದ್ದೆವು! ನಿಮಗೆಲ್ಲ ನನ್ನ ತುಂಬುಮನಸ್ಸಿನ ನಮಸ್ಕಾರ.